ಘಟ್ಟದ ಕೆಳಗೆ ಮೂರು ದಿನ: ಮಲೆನಾಡಿನವರಿಗೆ ಕಡಲತೀರದ ವಾಸ ಮತ್ತು ಸ್ನಾರ್ಕೆಲಿಂಗ್‌ನ ಸಮಗ್ರ ಮಾರ್ಗದರ್ಶಿ

ನಸುಕಿನ ಮೂರಕ್ಕೆ ಶಿವಮೊಗ್ಗ ಬಿಟ್ಟು, ಒಂಬತ್ತರೊಳಗೆ ಮುರುಡೇಶ್ವರದಲ್ಲಿ ನೇತ್ರಾಣಿ ದ್ವೀಪದ ದೋಣಿ ಹತ್ತಿ, ಅದೇ ರಾತ್ರಿ ಘಟ್ಟ ಏರಿ ಮನೆ ಸೇರುವ ಯೋಜನೆಯನ್ನು ಬಹಳ ಜನ ಹಾಕುತ್ತಾರೆ. ನಿದ್ದೆಗೆಟ್ಟ ಮೈ, ಘಟ್ಟದ ತಿರುವುಗಳಲ್ಲಿ ಮೊದಲೇ ಕಲಕಿದ ಹೊಟ್ಟೆ, ಅದರ ಮೇಲೆ ಗಂಟೆಗಟ್ಟಲೆ ದೋಣಿಯ ಓಲಾಟ. ನೀರಿಗಿಳಿಯುವ ಹೊತ್ತಿಗೆ ತಂಡದ ಅರ್ಧ ಜನ ಅಂಚಿಗೆ ಬಾಗಿ ವಾಂತಿ ಮಾಡುತ್ತಿರುತ್ತಾರೆ. ಮಾಸ್ಕ್ ಹಾಕಿ, ಕೊಳವೆಯಿಂದ ಉಸಿರಾಡುತ್ತಾ, ಮುಖ ಮುಳುಗಿಸಿ ತೇಲುತ್ತಾ ನೀರೊಳಗನ್ನು ನೋಡುವುದೇ ಸ್ನಾರ್ಕೆಲಿಂಗ್. ಅದಕ್ಕೆ ಬೇಕಾದದ್ದು ನಿಧಾನವಾದ, ಆಳವಾದ ಉಸಿರು. ದಣಿದವರಿಗೆ ಅದು ಬರುವುದಿಲ್ಲ. ಆದ್ದರಿಂದ ಕಡಲತೀರದ ವಾಸವನ್ನು ಮೊದಲು ಹೊಂದಿಸಿಕೊಂಡು, ಸ್ನಾರ್ಕೆಲಿಂಗನ್ನು ಅದರೊಳಗೆ ಇಡಿ.

ಎರಡು ರಾತ್ರಿ, ಮೂರು ಹಗಲು ಬೇಕು. ಮೊದಲ ದಿನ ಹಗಲಿನಲ್ಲೇ ಘಟ್ಟ ಇಳಿದು ಸಂಜೆ ಸುಮ್ಮನೆ ದಂಡೆಯಲ್ಲಿ ಕೂರುವುದು. ಎರಡನೇ ಬೆಳಗ್ಗೆ ದೋಣಿ. ಮೂರನೇ ಬೆಳಗನ್ನು ಖಾಲಿ ಬಿಡಿ: ಎರಡನೇ ದಿನ ಗಾಳಿ ಎದ್ದು ದೋಣಿ ರದ್ದಾದರೆ ಅದೇ ನಿಮ್ಮ ಮೀಸಲು. ಒಂದೇ ರಾತ್ರಿ ಉಳಿಯುವವರಿಗೆ ಈ ಮೀಸಲು ಇರುವುದಿಲ್ಲ, ಮುಂಗಡ ಕೊಟ್ಟಾಗಿದೆ ಎಂದು ಏಳುತ್ತಿರುವ ಕಡಲಿಗೂ ಹೊರಟುಬಿಡುತ್ತಾರೆ.

ಯಾವಾಗ ಹೋಗಬೇಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ವಿಚಾರವನ್ನೇ ಬಿಡಿ. ಮುಂಗಾರಿನಲ್ಲಿ ಅರಬ್ಬೀ ಸಮುದ್ರಕ್ಕೆ ಪ್ರವಾಸಿ ದೋಣಿಗಳು ಇಳಿಯುವುದಿಲ್ಲ. ಅಕ್ಟೋಬರ್‌ನಲ್ಲಿ ಅಲೆ ತಗ್ಗಿದರೂ ಶರಾವತಿಯಂಥ ನದಿಗಳು ಘಟ್ಟದಿಂದ ಹೊತ್ತುತಂದ ಕೆಂಪು ಮಣ್ಣು ತೀರದ ನೀರಿನಲ್ಲಿ ಇನ್ನೂ ತೇಲುತ್ತಿರುತ್ತದೆ. ನೀರು ತಿಳಿಯಾಗುವುದು ನವೆಂಬರ್ ಕೊನೆಯಿಂದ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನೋಟ ಚೆನ್ನಾಗಿ ಸಿಗುತ್ತದೆ. ಮಾರ್ಚ್‌ನಿಂದ ಮೇವರೆಗೂ ಹೋಗಬಹುದು, ಆದರೆ ಮಧ್ಯಾಹ್ನದ ಗಾಳಿ ಜೋರಾಗುತ್ತಾ ಹೋಗುತ್ತದೆ. ಡಿಸೆಂಬರ್ ಕೊನೆಯ ವಾರದಲ್ಲಿ ಬಾಡಿಗೆಯೂ ಜನವೂ ಏರುತ್ತವೆ. ಜನವರಿಯ ಮಂಗಳವಾರ, ಬುಧವಾರಗಳಷ್ಟು ಒಳ್ಳೆಯ ದಿನ ಬೇರೆ ಇಲ್ಲ.

ಪಂಚಾಂಗವನ್ನೂ ನೋಡಿ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ನಂತರದ ಒಂದೆರಡು ದಿನ ಉಬ್ಬರವಿಳಿತದ ಅಂತರ ಹೆಚ್ಚು, ಹಾಗಾಗಿ ನೀರಿನ ಸೆಳೆತವೂ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಸೆಳೆತ ಕಡಿಮೆ, ತಳದ ಮರಳೂ ಅಷ್ಟು ಏಳುವುದಿಲ್ಲ. ಮೊದಲ ಸಲ ಹೋಗುವವರು ಅಷ್ಟಮಿಯ ವಾರವನ್ನೇ ಆರಿಸಿಕೊಳ್ಳಲಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತವೆ. ಹೊರಡುವ ಹಿಂದಿನ ದಿನ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಅಲೆಯ ಎತ್ತರದ ಮುನ್ಸೂಚನೆ ನೋಡಿ. ಅರ್ಧ ಮೀಟರ್ ಒಳಗಿದ್ದರೆ ಹಿತ, ಒಂದು ಮೀಟರ್ ದಾಟಿದರೆ ಹೊಸಬರು ಮೂರನೇ ದಿನಕ್ಕೆ ಕಾಯುವುದು ಮೇಲು.

ದಿನದೊಳಗಿನ ಹೊತ್ತೂ ಅಷ್ಟೇ ಮುಖ್ಯ. ರಾತ್ರಿ ನೆಲ ತಣಿದು, ಬೆಳಗಿನವರೆಗೆ ಗಾಳಿ ಘಟ್ಟದ ಕಡೆಯಿಂದ ಕಡಲಿನತ್ತ ಮೆಲ್ಲಗೆ ಬೀಸುತ್ತದೆ. ದಂಡೆಯ ಹತ್ತಿರ ಅಲೆ ಆಗ ಚಪ್ಪಟೆಯಾಗಿರುತ್ತದೆ. ಹನ್ನೊಂದರ ಹೊತ್ತಿಗೆ ನೆಲ ಕಾದು ಗಾಳಿ ತಿರುಗುತ್ತದೆ, ಮಧ್ಯಾಹ್ನ ಎರಡಕ್ಕೆ ಕಡಲೆಲ್ಲ ಬಿಳಿನೊರೆ. ಹಾಗಾಗಿ ದಿನದ ಮೊದಲ ದೋಣಿಯನ್ನೇ ಕೇಳಿ.

ಎಲ್ಲಿ ಏನು ಕಾಣುತ್ತದೆ

ಕರ್ನಾಟಕದ ಮರಳು ದಂಡೆಗಳಲ್ಲಿ ಕೋಣೆಯಿಂದ ನಡೆದು ಹೋಗಿ ಮುಖ ಮುಳುಗಿಸಿದರೆ ಹವಳ ಕಾಣುವುದಿಲ್ಲ, ಅಲೆ ಕದಡಿದ ಮರಳು ಮಾತ್ರ. ರೆಸಾರ್ಟಿನ ಜಾಹೀರಾತಿನಲ್ಲಿ ನೀಲಿ ನೀರಿನ ಚಿತ್ರ ಇದ್ದರೆ, ಅದು ಎಲ್ಲಿಯ ನೀರು ಎಂದು ಕೇಳಿ. ನಮ್ಮ ಕರಾವಳಿಯಲ್ಲಿ ಸ್ನಾರ್ಕೆಲಿಂಗ್‌ಗೆ ನಿಜವಾಗಿ ಯೋಗ್ಯವಾದ ಜಾಗ ನೇತ್ರಾಣಿ ದ್ವೀಪದ ಸುತ್ತಲಿನ ನೀರು. ಮುರುಡೇಶ್ವರದಿಂದ ಸುಮಾರು 19 ಕಿ.ಮೀ., ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆ. ಬಂಡೆಗಳ ಮೇಲೆ ಹವಳ ಬೆಳೆದಿದೆ. ಗಿಳಿಮೀನು, ಚಿಟ್ಟೆಮೀನು, ಟ್ರಿಗರ್ ಮೀನು, ಹಿಂಡಾಗಿ ಸಾಗುವ ಬರಾಕುಡ, ಅದೃಷ್ಟವಿದ್ದರೆ ಕಡಲಾಮೆ ಕಾಣಿಸುತ್ತವೆ. ಆಕಾಶದಲ್ಲಿ ಬಿಳಿಹೊಟ್ಟೆಯ ಕಡಲಹದ್ದು. ಪ್ರವಾಸಿಗಳನ್ನು ದ್ವೀಪದ ಮೇಲೆ ಇಳಿಸುವುದಿಲ್ಲ, ನೋಡುವುದೆಲ್ಲ ನೀರಿನಲ್ಲೇ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ಅದರ ಕಂಬದಾಕಾರದ ಲಾವಾ ಬಂಡೆಗಳಿಗಾಗಿ ನೋಡಬೇಕಾದದ್ದು. ಸ್ನಾರ್ಕೆಲಿಂಗ್ ಮನಸ್ಸಿನಲ್ಲಿಟ್ಟುಕೊಂಡು ಅಲ್ಲಿಗೆ ಹೋಗಬೇಡಿ.

ವಾಸಕ್ಕೆ ಮುರುಡೇಶ್ವರದ ಪಕ್ಕವೇ ಇರಬೇಕೆಂದಿಲ್ಲ. ಬೈಂದೂರು, ಭಟ್ಕಳ, ಹೊನ್ನಾವರದ ಕಾಸರಕೋಡು ಎಲ್ಲವೂ ಬೆಳಗ್ಗೆ ಬೇಗ ಹೊರಟರೆ ತಲುಪುವಷ್ಟು ಹತ್ತಿರ. ದೇವಸ್ಥಾನದ ಜನಸಂದಣಿಯಿಂದ ದೂರವಿರಬೇಕು ಎನ್ನುವವರಿಗೆ ಇವೇ ಒಳ್ಳೆಯವು.

ದಾರಿ

ಸಾಗರ, ತಾಳಗುಪ್ಪ, ಜೋಗ, ಮಾವಿನಗುಂಡಿ, ಗೇರುಸೊಪ್ಪ, ಹೊನ್ನಾವರ: ಹಳೆಯ 206ರ ಈ ಹೆದ್ದಾರಿ ಅಗಲವಾಗಿದೆ, ಹೊಸ ಚಾಲಕರಿಗೂ ಒಗ್ಗುತ್ತದೆ. ಶಿವಮೊಗ್ಗದಿಂದ ಮುರುಡೇಶ್ವರಕ್ಕೆ ಸುಮಾರು 190 ಕಿ.ಮೀ., ತಿಂಡಿಗೆ ನಿಲ್ಲುವುದೂ ಸೇರಿ ಐದು ಗಂಟೆ ಇಟ್ಟುಕೊಳ್ಳಿ. ಕಾರ್ಗಲ್ ಕಡೆಯಿಂದ ಕೋಗಾರು ಘಟ್ಟ ಇಳಿದು ಭಟ್ಕಳ ಸೇರುವ ದಾರಿ ಕಿರಿದು, ಕಾಡು ದಟ್ಟ, ಹಗಲಿನಲ್ಲಿ ಮಾತ್ರ. ಹೊಸನಗರದವರಿಗೆ ನಗರ, ನಿಟ್ಟೂರು, ಕೊಲ್ಲೂರು, ಬೈಂದೂರು ಹತ್ತಿರ. ತೀರ್ಥಹಳ್ಳಿಯವರು ಆಗುಂಬೆ ಇಳಿದು ಉಡುಪಿಯ ಕಡೆ ಹೋಗಬಹುದು. ಆ ಘಟ್ಟದಲ್ಲಿ ಭಾರೀ ವಾಹನಗಳಿಗೆ ನಿರ್ಬಂಧವಿದೆ, ದೊಡ್ಡ ಬಸ್ಸು ಬಾಡಿಗೆಗೆ ಹಿಡಿಯುವ ಮೊದಲು ಇದನ್ನು ನೆನಪಿಡಿ. ರೈಲು ತಾಳಗುಪ್ಪಕ್ಕೇ ಮುಗಿಯುತ್ತದೆ. ಮುರುಡೇಶ್ವರದಲ್ಲಿ ಕೊಂಕಣ ರೈಲ್ವೆಯ ನಿಲ್ದಾಣ ಇದೆಯಾದರೂ ಶಿವಮೊಗ್ಗದವರಿಗೆ ಅದರಿಂದ ಉಪಯೋಗವಿಲ್ಲ.

ಕೋಣೆ ಕಾಯ್ದಿರಿಸುವ ಮೊದಲು ಕೇಳಬೇಕಾದದ್ದು

ಹಂಚಿನ ಮಾಡು, ಮುಂದೊಂದು ಜಗಲಿ, ಮರಳಿನ ಅಂಗಳ, ಮಾಲೀಕರ ಮನೆಯವರೇ ಅಡುಗೆ ಮಾಡುವ ಐದಾರು ಕೋಣೆಗಳ ಸರಳ ರೆಸಾರ್ಟ್ ಈ ಪ್ರವಾಸಕ್ಕೆ ಸಾಕು. ಒದ್ದೆ ಕಾಲಿನಲ್ಲಿ ಓಡಾಡಿದರೆ ಯಾರೂ ಏನೂ ಅನ್ನಬಾರದು, ಬಟ್ಟೆ ಒಣಹಾಕಲು ಹಗ್ಗ ಇರಬೇಕು. ಫೋನಿನಲ್ಲಿ ಇಷ್ಟು ವಿಚಾರಿಸಿ. ಕೋಣೆಯಿಂದ ದಂಡೆಗೆ ಹೋಗುವಾಗ ರಸ್ತೆ ದಾಟಬೇಕೇ? ಮುಂದೆ ಮರಳಿದೆಯೇ ಅಥವಾ ಕೊರೆತ ತಡೆಯಲು ಸುರಿದ ಕಲ್ಲಿನ ತಡೆಗೋಡೆಯೇ? ಮರವಂತೆಯ ಸುತ್ತಮುತ್ತ ಇಂಥ ಬಂಡೆಗಳು ಉದ್ದಕ್ಕೂ ಇವೆ. ನೋಡಲು ಚೆಂದದ ತೀರ, ಆದರೆ ಬಂಡೆಯ ಮೇಲಿಂದ ನೀರಿಗೆ ಇಳಿಯಬಾರದು. ಸ್ನಾನಕ್ಕೆ ಸಿಹಿನೀರೇ? ಏಪ್ರಿಲ್, ಮೇ ತಿಂಗಳಲ್ಲಿ ತೀರದ ಬಾವಿಗಳಿಗೆ ಉಪ್ಪು ಏರುತ್ತದೆ, ಆಗ ಸೋಪು ನೊರೆಯೇ ಬರುವುದಿಲ್ಲ. ಸೊಳ್ಳೆಪರದೆ ಇದೆಯೇ? ಬೆಳಗ್ಗೆ ಆರೂವರೆಗೆ ತಿಂಡಿ ಕಟ್ಟಿಕೊಡುತ್ತಾರೆಯೇ? ದೋಣಿಯನ್ನು ರೆಸಾರ್ಟಿನವರೇ ಗೊತ್ತುಮಾಡುವುದಾದರೆ, ಕಡಲು ಎದ್ದು ರದ್ದಾದಾಗ ಹಣ ಹಿಂದಿರುಗುತ್ತದೆಯೇ, ದಿನ ಬದಲಾಗುತ್ತದೆಯೇ ಎಂಬುದನ್ನು ಬರಹದಲ್ಲಿ ತರಿಸಿಕೊಳ್ಳಿ.

ದಂಡೆಯ ಇಳಿಜಾರನ್ನೂ ತಿಳಿದುಕೊಳ್ಳಿ. ನಯವಾದ ಮರಳಿನ ಚಪ್ಪಟೆ ದಂಡೆಯಲ್ಲಿ ಅಲೆ ದೂರದಲ್ಲೇ ಮುರಿದು ಮೆಲ್ಲಗೆ ಬರುತ್ತದೆ. ದಪ್ಪ ಮರಳಿನ ಕಡಿದಾದ ದಂಡೆಯಲ್ಲಿ ಅಲೆ ಕಾಲ ಬುಡದಲ್ಲೇ ಕುಸಿದು ಎತ್ತಿ ಕೆಡವುತ್ತದೆ. ಮಕ್ಕಳೂ ಹಿರಿಯರೂ ಇದ್ದರೆ ಚಪ್ಪಟೆ ದಂಡೆಯೇ ಇರಲಿ.

ಸಲಕರಣೆ

ದೋಣಿಯವರು ಮಾಸ್ಕ್, ಉಸಿರಿನ ಕೊಳವೆ, ಲೈಫ್ ಜಾಕೆಟ್ ಕೊಡುತ್ತಾರೆ. ಆದರೂ ಮಾಸ್ಕ್ ಒಂದನ್ನು ಸ್ವಂತಕ್ಕೆ ಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ, ಏಕೆಂದರೆ ಮುಖಕ್ಕೆ ಹೊಂದದ ಮಾಸ್ಕಿಗೆ ಬೇರೆ ಮದ್ದಿಲ್ಲ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಸ್ವಲ್ಪ ಉಸಿರೆಳೆದು ಕೈ ಬಿಡಿ. ಹತ್ತು ಎಣಿಸುವವರೆಗೆ ಬೀಳದಿದ್ದರೆ ಅದು ನಿಮ್ಮದು. ಗಾಳಿ ನುಸುಳುವುದು ಸಾಮಾನ್ಯವಾಗಿ ಹಣೆಯ ಕೂದಲು ಮತ್ತು ಮೀಸೆಯ ಜಾಗದಲ್ಲಿ. ಮೀಸೆ ತೆಗೆಯಲು ಮನಸ್ಸಿಲ್ಲದವರು ಮೂಗಿನ ಕೆಳಗಿನ ಸಾಲಿಗೆ ದಪ್ಪನೆ ವ್ಯಾಸಲೀನ್ ಹಚ್ಚಬಹುದು. ಪಟ್ಟಿಯನ್ನು ಬಿಗಿದಷ್ಟೂ ಸೋರಿಕೆ ಹೆಚ್ಚುತ್ತದೆ: ರಬ್ಬರಿನ ಅಂಚು ಮಡಚಿ ಸಂದು ಬಿಡುತ್ತದೆ. ಪಟ್ಟಿ ಕಿವಿಯ ಮೇಲಲ್ಲ, ತಲೆಯ ಹಿಂಭಾಗದ ಉಬ್ಬಿನ ಮೇಲೆ ಕೂರಲಿ.

ಹೊಸ ಮಾಸ್ಕಿನ ಗಾಜಿಗೆ ಕಾರ್ಖಾನೆಯ ಸಿಲಿಕೋನ್ ಪದರ ಅಂಟಿರುತ್ತದೆ, ಅದಕ್ಕೇ ಮಂಜು ಕಟ್ಟುವುದು. ಬಿಳಿ ಟೂತ್‌ಪೇಸ್ಟ್ ಹಚ್ಚಿ ಒಳಗಾಜನ್ನು ಬೆರಳಿನಿಂದ ಎರಡು ಮೂರು ಸಲ ಚೆನ್ನಾಗಿ ತಿಕ್ಕಿ ತೊಳೆಯಿರಿ. ನೀರಿಗಿಳಿಯುವ ಮುನ್ನ ಮಕ್ಕಳ ಶಾಂಪೂವಿನ ಒಂದು ಹನಿ ಸವರಿ, ಸಮುದ್ರದ ನೀರಿನಲ್ಲಿ ಒಮ್ಮೆ ಮಾತ್ರ ಅಲುಗಿಸಿ.

ಕೊಳವೆ 35ರಿಂದ 40 ಸೆಂ.ಮೀ. ಇದ್ದರೆ ಸಾಕು. ಉದ್ದವಾದಷ್ಟೂ ಬಿಟ್ಟ ಉಸಿರೇ ಒಳಗೆ ಉಳಿದು ಮತ್ತೆ ಎಳೆದುಕೊಳ್ಳಬೇಕಾಗುತ್ತದೆ, ತಲೆಸುತ್ತು ಬರುತ್ತದೆ. ಇಡೀ ಮುಖ ಮುಚ್ಚುವ ಮಾಸ್ಕ್‌ಗಳು ನೋಡಲು ಸುಲಭ ಎನಿಸುತ್ತವೆ, ಆದರೆ ಅವುಗಳಲ್ಲೂ ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳುವ ಅಪಾಯವಿದೆ, ಗಾಬರಿಯಾದಾಗ ತಟ್ಟನೆ ಕಿತ್ತುಹಾಕುವುದೂ ಕಷ್ಟ. ನಮ್ಮ ಸಲಹೆ: ಬೇಡ. ಕನ್ನಡಕ ಹಾಕುವವರಿಗೆ ನಂಬರಿನ ಗಾಜಿನ ಮಾಸ್ಕ್ ಸಿಗುತ್ತದೆ. ಕನ್ನಡಕದ ಕಾಲು ಮಾಸ್ಕಿನ ಅಂಚಿನಲ್ಲಿ ಸಂದು ಮಾಡುವುದರಿಂದ ಎರಡನ್ನೂ ಒಟ್ಟಿಗೆ ಹಾಕಲಾಗದು. ತುಂಬುತೋಳಿನ ಈಜುಡುಪು ಕೊಳ್ಳಿ: ಕೆಳಮುಖವಾಗಿ ತೇಲುವಾಗ ಬೆನ್ನು, ಕುತ್ತಿಗೆ, ಮೊಣಕಾಲಿನ ಹಿಂಭಾಗ ಸುಟ್ಟುಹೋಗುವುದು ಗೊತ್ತೇ ಆಗುವುದಿಲ್ಲ. ಬಟ್ಟೆ ಮುಚ್ಚಿದಷ್ಟೂ ಸನ್‌ಸ್ಕ್ರೀನ್ ಕಡಿಮೆ ಸಾಕು, ಹವಳಕ್ಕೂ ಒಳ್ಳೆಯದು.

ಮನೆಯಲ್ಲೇ ಅಭ್ಯಾಸ

ತುಂಗೆಯಲ್ಲೋ ಊರ ಕೆರೆಯಲ್ಲೋ ಈಜು ಕಲಿತವರು ಮಲೆನಾಡಿನಲ್ಲಿ ಬಹಳ. ಅವರ ಈಜು ತಲೆ ಮೇಲೆತ್ತಿ ಉಸಿರಾಡುವ ಈಜು. ಇಲ್ಲಿ ಮುಖ ನೀರಿನಲ್ಲೇ ಇರಬೇಕು, ಬಾಯಿಯಿಂದಲೇ ಉಸಿರಾಡಬೇಕು. ಹಾಗಾಗಿ ಒಳ್ಳೆಯ ಈಜುಗಾರರೂ ಮೊದಲ ಐದು ನಿಮಿಷ ತಡವರಿಸುತ್ತಾರೆ. ಹೊರಡುವ ಮುಂಚಿನ ಎರಡು ವಾರದಲ್ಲಿ ಈಜುಕೊಳದಲ್ಲಿ ಮೂರು ನಾಲ್ಕು ಸಲ ಅಭ್ಯಾಸ ಮಾಡಿ. ಕೆಸರು, ಬಳ್ಳಿ, ಸುಳಿ ಇರುವ ಕೆರೆ ಹೊಳೆಗಳು ಇದಕ್ಕೆ ಬೇಡ. ಈಜುಕೊಳ ಇಲ್ಲದ ಊರಿನವರು ಅಗಲ ಬಾಯಿಯ ಟಬ್ಬಿನಲ್ಲಿ ಮೊದಲ ಹಂತವನ್ನಾದರೂ ಮುಗಿಸಿ.

1. ಸೊಂಟದ ನೀರಿನಲ್ಲಿ ನಿಂತು, ಮಾಸ್ಕ್ ಹಾಕಿ, ಕೊಳವೆ ಕಚ್ಚಿ, ಮುಖ ಮುಳುಗಿಸಿ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಐದು ನಿಮಿಷ. ಹೊರಬಿಡುವ ಉಸಿರು ಉದ್ದವಾಗಿದ್ದರೆ ಎದೆ ತಾನಾಗಿ ಶಾಂತವಾಗುತ್ತದೆ.

2. ಅಂಚು ಹಿಡಿದು ಮೈಯನ್ನು ನೀರಿನ ಮೇಲೆ ಚಾಚಿ, ಆಮೇಲೆ ಕೈ ಬಿಟ್ಟು ತೇಲಿ. ನೋಟ ಕೆಳಗೇ ಇರಲಿ. ಮುಂದೆ ನೋಡಲು ತಲೆ ಎತ್ತಿದರೆ ಕೊಳವೆಯ ತುದಿ ಮುಳುಗುತ್ತದೆ.

3. ಬೇಕೆಂದೇ ಕೊಳವೆಗೆ ನೀರು ತುಂಬಿಸಿ, "ಥೂ" ಎಂದು ಒಂದೇ ಬಲವಾದ ಊದಿನಲ್ಲಿ ಹೊರಹಾಕಿ. ಮುಂದಿನ ಉಸಿರನ್ನು ಮೆಲ್ಲಗೆ ಎಳೆಯಿರಿ, ತಳದಲ್ಲಿ ಹನಿ ಉಳಿದಿರುತ್ತದೆ. ಇದು ಹತ್ತಕ್ಕೆ ಹತ್ತು ಸಲ ಬರುವವರೆಗೆ ಕಡಲಿಗೆ ಹೊರಡಬೇಡಿ.

4. ಮಾಸ್ಕಿಗೆ ನೀರು ಬಂದರೆ ಮೇಲಂಚನ್ನು ಹಣೆಗೆ ಒತ್ತಿ, ಮುಖ ತುಸು ಮೇಲೆತ್ತಿ, ಮೂಗಿನಿಂದ ಊದಿ. ನೀರು ಕೆಳಗಿನಿಂದ ಹೊರಹೋಗುತ್ತದೆ.

5. ಫಿನ್ಸ್ (ಪಾದಕ್ಕೆ ತೊಡುವ ಈಜುರೆಕ್ಕೆ) ಹಾಕಿದರೆ ತೊಡೆಯಿಂದ ಒದೆಯಿರಿ. ಸೈಕಲ್ ತುಳಿದಂತೆ ಮಂಡಿ ಮಡಚಿದರೆ ಮುಂದೆ ಹೋಗುವುದಿಲ್ಲ, ಮೀನಖಂಡ ಸೆಡೆತುಕೊಳ್ಳುತ್ತದೆ.

ಸಮುದ್ರದ ನೀರು ಘನ ಮೀಟರಿಗೆ ಸುಮಾರು 1025 ಕೆ.ಜಿ., ಸಿಹಿನೀರು 1000. ಆದ್ದರಿಂದ ಅಲ್ಲಿ ತೇಲುವುದು ಹೊಳೆಗಿಂತ ಸುಲಭ, ಲೈಫ್ ಜಾಕೆಟ್ ಇದ್ದರೆ ಈಜು ಬಾರದವರೂ ತೇಲುತ್ತಾರೆ. ಆದರೂ ಅವರ ಕೈ ಹಿಡಿಯಲು ತರಬೇತಾದ ಒಬ್ಬರು ನೀರಿನಲ್ಲೇ ಇರಬೇಕು. ನೆಗಡಿ, ಸೈನಸ್, ಕಿವಿಸೋರುವಿಕೆ ಇದ್ದವರು ಗುಣವಾಗುವವರೆಗೆ ಕಾಯಲಿ. ಹೃದಯದ ತೊಂದರೆ, ಆಸ್ತಮಾ, ಮೂರ್ಛೆರೋಗ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇಳಿಯಬಾರದು.

ದೋಣಿಯ ಬೆಳಗು

ಹಿಂದಿನ ರಾತ್ರಿ ಮದ್ಯ ಬೇಡ, ಎಣ್ಣೆಯ ಊಟ ಬೇಡ. ಖಾಲಿ ಹೊಟ್ಟೆಯಲ್ಲಿ ವಾಂತಿ ಇನ್ನೂ ಹೆಚ್ಚು, ಆದ್ದರಿಂದ ಹೊರಡುವ ಒಂದು ಗಂಟೆ ಮೊದಲು ಎರಡು ಇಡ್ಲಿ ಅಥವಾ ನೀರುದೋಸೆ ತಿನ್ನಿ. ಬಸ್ಸಿನಲ್ಲೇ ವಾಂತಿ ಆಗುವವರು ಅವೋಮಿನ್‌ನಂಥ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಮೊದಲೇ ತೆಗೆದುಕೊಳ್ಳಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಿದ್ದೆ ತರುವುದರಿಂದ ವಾಹನ ಓಡಿಸುವವರಿಗೆ ಆಗದು. ದೋಣಿಯಲ್ಲಿ ಹಿಂಭಾಗದ ನಡುವೆ ಕೂತು ದಿಗಂತ ನೋಡಿ. ಫೋನ್ ನೋಡಿದವರು ಮೊದಲು ಮಲಗುತ್ತಾರೆ. ಹಸಿಶುಂಠಿಯ ಚೂರು ಬಾಯಲ್ಲಿಟ್ಟುಕೊಳ್ಳಿ, ಮಲೆನಾಡಿನವರಿಗೆ ಅದನ್ನು ಹುಡುಕಬೇಕಾಗಿಲ್ಲ.

ನೀರಿನಲ್ಲಿ ಜೋಡಿಯಾಗಿರಿ. ಹಾರುವಾಗ ಒಂದು ಕೈ ಮಾಸ್ಕಿನ ಮೇಲಿರಲಿ. ಹೊಸಬರು ಏಣಿಯಿಂದಲೇ ಇಳಿಯಲಿ. ಮೊದಲ ಎರಡು ನಿಮಿಷ ದೋಣಿಯ ಹಗ್ಗ ಹಿಡಿದು ಉಸಿರು ಮಾತ್ರ ನೋಡಿಕೊಳ್ಳಿ, ಮೀನು ಆಮೇಲೆ. ಸೆಳೆತ ಯಾವ ಕಡೆ ಎಂದು ದೋಣಿಯವರನ್ನು ಕೇಳಿ ಮೊದಲು ಅದರ ಎದುರಿಗೆ ಈಜಿ, ವಾಪಸು ಬರುವಾಗ ಅದೇ ನಿಮ್ಮನ್ನು ತರುತ್ತದೆ. ನೀರಿನಲ್ಲಿ ವಸ್ತುಗಳು ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತವೆ. ಕೈಗೆಟುಕಿತು ಎಂದುಕೊಂಡ ಬಂಡೆ ಇನ್ನೂ ಆಳದಲ್ಲಿರುತ್ತದೆ. ಏದುಸಿರು ಬಂದರೆ ಕೊಳವೆ ಉಗಿದು, ಅಂಗಾತ ತಿರುಗಿ, ಕೈ ಎತ್ತಿ. ಬೆಚ್ಚಗಿನ ನೀರಾದರೂ 30–40 ನಿಮಿಷಕ್ಕೆ ಮೈ ತಣಿಯುತ್ತದೆ, ನಡುಕ ಬರುವ ಮೊದಲೇ ಮೇಲೆ ಬನ್ನಿ.

ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕಿ ರೂಢಿಯಾದವರಿಗೆ ಇಲ್ಲೂ ಕೈ ತುರಿಸಬಹುದು. ಹಾಕಬೇಡಿ. ಗಿಳಿಮೀನಿನಂಥವು ಹವಳದ ಮೇಲಿನ ಪಾಚಿ ಮೇಯ್ದು ಅದನ್ನು ಶುಚಿಯಾಗಿಡುತ್ತವೆ. ಬ್ರೆಡ್ಡಿನ ರುಚಿ ಹತ್ತಿದರೆ ಆ ಕೆಲಸ ನಿಲ್ಲುತ್ತದೆ. ಹವಳದ ಮೇಲೆ ನಿಲ್ಲಬಾರದು, ಮುರಿದ ಚೂರನ್ನೂ ತರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ.

ದಂಡೆಯ ಸೆಳವು

ದೋಣಿಗಿಂತ ಹೆಚ್ಚು ಜೀವ ಹೋಗುವುದು ದಂಡೆಯ ಮೊಣಕಾಲು ನೀರಿನಲ್ಲಿ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ದಂಡೆಗೆ ಬಂದ ನೀರು ಮರಳಿ ಹೋಗಲು ಒಂದು ಕಾಲುವೆ ಮಾಡಿಕೊಳ್ಳುತ್ತದೆ: ಎರಡೂ ಬದಿ ಅಲೆ ಮುರಿಯುತ್ತಿದ್ದು, ನಡುವೆ ಅಲೆಯೇ ಇಲ್ಲದ, ಕಡುಬಣ್ಣದ, ನೊರೆ ಹೊರಗೆ ಸಾಗುತ್ತಿರುವ ಪಟ್ಟಿ. ಶಾಂತವಾಗಿ ಕಾಣುವುದರಿಂದಲೇ ಜನ ಅಲ್ಲಿ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಂಡೆಯತ್ತ ಈಜಬೇಡಿ, ಎಂಥ ಈಜುಗಾರನೂ ಸೋಲುತ್ತಾನೆ. ದಂಡೆಗೆ ಸಮಾನಾಂತರವಾಗಿ ಈಜಿ ಅಲೆ ಮುರಿಯುವ ಜಾಗಕ್ಕೆ ಬನ್ನಿ, ಅಲೆಯೇ ಒಳಗೆ ತರುತ್ತದೆ. ಶಕ್ತಿ ಇಲ್ಲದಿದ್ದರೆ ತೇಲುತ್ತಾ ಕೈ ಬೀಸಿ. ಬೆಳಗಿನ ಗಾಳಿ ಹೊರಮುಖವಾಗಿರುವುದರಿಂದ ಗಾಳಿ ತುಂಬಿದ ಟ್ಯೂಬುಗಳನ್ನು ಮಕ್ಕಳಿಗೆ ಕೊಡಬೇಡಿ, ನೋಡುತ್ತಿದ್ದಂತೆ ದೂರ ಸಾಗುತ್ತವೆ.

ಜೆಲ್ಲಿ ಮೀನು ತಾಗಿದರೆ ಸಮುದ್ರದ ನೀರಿನಲ್ಲೇ ತೊಳೆದು, ಅಂಟಿದ ಎಳೆಗಳನ್ನು ಚಿಮುಟದಿಂದ ತೆಗೆಯಿರಿ. ಸಿಹಿನೀರು ಹಾಕಿದರೆ, ಮರಳಿನಿಂದ ಉಜ್ಜಿದರೆ ಉಳಿದ ವಿಷದ ಕೋಶಗಳೂ ಸಿಡಿಯುತ್ತವೆ. ಕಡಲ ಮುಳ್ಳುಚೆಂಡು ಅಥವಾ ಮುಳ್ಳಿನ ಮೀನು ಚುಚ್ಚಿದರೆ ಸುಡದಷ್ಟು ಬಿಸಿಯಾದ, 40–45 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಅದ್ದಿಡಿ. ಉಸಿರು ಕಟ್ಟಿದಂತಾದರೆ, ಮುಖ ಊದಿದರೆ ತಡಮಾಡದೆ ಆಸ್ಪತ್ರೆ.

ಮಧ್ಯಾಹ್ನದ ವಿರಾಮ

ಹಿಂದಿರುಗಿದ ಮೇಲೆ ಮೊದಲು ನೀರು, ಆಮೇಲೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಮುರುಗಲ ಹಣ್ಣಿನ ಶರಬತ್ತು. ನಂತರ ಕುಚಲಕ್ಕಿ ಅನ್ನ, ಬಂಗುಡೆ ಸಾರು, ಸಸ್ಯಾಹಾರಿಗಳಿಗೆ ಹೆಸರುಕಾಳಿನ ಗಸಿ. ಎರಡರಿಂದ ನಾಲ್ಕೂವರೆವರೆಗೆ ಏನನ್ನೂ ಇಟ್ಟುಕೊಳ್ಳಬೇಡಿ. ಆ ಹೊತ್ತಿಗೆ ಮೂರು ದೇವಸ್ಥಾನ ನೋಡಿ ಬರುವ ಯೋಜನೆ ಹಾಕಿದರೆ ಉಳಿಯಲು ಬಂದ ಉದ್ದೇಶವೇ ಕೆಡುತ್ತದೆ. ತೂಗುಹಾಸಿಗೆಯನ್ನು ಗಾಳಿಮರಗಳ ನಡುವೆ ಕಟ್ಟಿ. ಕಾಯಿ ತುಂಬಿದ ತೆಂಗಿನ ಕೆಳಗೆ ಮಲಗಬಾರದು, ಇದು ತೋಟದವರಿಗೆ ಹೇಳಬೇಕಾಗಿಲ್ಲ, ಆದರೆ ರಜೆಯ ಗುಂಗಿನಲ್ಲಿ ಮರೆಯುತ್ತಾರೆ.

ತಂಡದಲ್ಲಿ ಯಾರಾದರೂ ಸಿಲಿಂಡರ್ ಹೊತ್ತು ಸ್ಕೂಬಾ ಮಾಡಿದ್ದರೆ ಮಲೆನಾಡಿನವರು ತಪ್ಪದೆ ತಿಳಿದಿರಬೇಕಾದ ಸಂಗತಿ ಒಂದಿದೆ. ಆಳದಲ್ಲಿ ಒತ್ತಡದ ಗಾಳಿ ಉಸಿರಾಡಿದಾಗ ರಕ್ತದಲ್ಲಿ ಸಾರಜನಕ ಕರಗುತ್ತದೆ, ಎತ್ತರಕ್ಕೆ ಏರಿದರೆ ಅದು ಗುಳ್ಳೆಯಾಗಬಹುದು. ವಿಮಾನ ಹತ್ತುವ ಮುನ್ನ ಒಂದು ಡೈವ್ ಆದ ಮೇಲೆ 12 ಗಂಟೆ, ಹೆಚ್ಚು ಡೈವ್ ಆಗಿದ್ದರೆ 18 ಗಂಟೆ ಕಾಯಬೇಕೆನ್ನುವುದು ಡೈವರ್‌ಗಳ ಸುರಕ್ಷತಾ ಸಂಸ್ಥೆ ಡ್ಯಾನ್‌ನ ಸೂಚನೆ. ಆ ಲೆಕ್ಕ ಅನ್ವಯಿಸುವುದು ಸುಮಾರು 600 ಮೀಟರಿನಿಂದ ಮೇಲಿನ ಎತ್ತರಕ್ಕೆ. ಆಗುಂಬೆ 640 ಮೀಟರಿನ ಆಸುಪಾಸು, ಶಿವಮೊಗ್ಗ ಸುಮಾರು 570, ಕೊಡಚಾದ್ರಿ 1343. ಆದ್ದರಿಂದ ಸ್ಕೂಬಾ ಮಾಡಿದ ಸಂಜೆಯೇ ಘಟ್ಟ ಹತ್ತಬೇಡಿ, ಆ ರಾತ್ರಿ ತೀರದಲ್ಲೇ ಮಲಗಿ. ಕೊಲ್ಲೂರಿನ ದಾರಿಯಲ್ಲಿ ಕೊಡಚಾದ್ರಿಯನ್ನೂ ನೋಡಿಬಿಡೋಣ ಎನ್ನುವವರು ಪೂರ್ತಿ ಒಂದು ದಿನ ಬಿಡಿ. ನೀರಿನ ಮೇಲಷ್ಟೇ ತೇಲಿದವರಿಗೆ ಈ ನಿರ್ಬಂಧವಿಲ್ಲ.

ಮನೆಗೆ ಬಂದ ಮೇಲೆ

ಮಾಸ್ಕ್, ಕೊಳವೆಗಳನ್ನು ರೆಸಾರ್ಟಿನಲ್ಲೇ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೆರಳಿನಲ್ಲಿ ಒಣಗಿಸಿ. ಬಿಸಿಲು ಸಿಲಿಕೋನನ್ನು ಹಳದಿ ಮಾಡುತ್ತದೆ. ಘಟ್ಟದ ಮೇಲೆ ನಿಜವಾದ ಶತ್ರು ಮಳೆಗಾಲದ ಬೂಷ್ಟು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿ ಬಿಟ್ಟ ಮಾಸ್ಕಿನ ಅಂಚಿನಲ್ಲಿ ಕಪ್ಪು ಚುಕ್ಕೆ ಬಂದೇ ಬರುತ್ತದೆ, ಒಮ್ಮೆ ಒಳಗಿಳಿದರೆ ಹೋಗುವುದಿಲ್ಲ. ಮೇ ಕೊನೆಯಲ್ಲಿ ನಾಲ್ಕು ಪಾಲು ನೀರಿಗೆ ಒಂದು ಪಾಲು ವಿನೆಗರ್ ಬೆರೆಸಿ ತೊಳೆದು, ಪೂರ್ತಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ. ಪಟ್ಟಿಯನ್ನು ಪೂರ್ತಿ ಸಡಿಲಿಸಿ, ಅಂಚು ಯಾವುದಕ್ಕೂ ಒತ್ತದಂತೆ ಇಡಬೇಕು. ನವೆಂಬರ್‌ನಲ್ಲಿ ಹೊರತೆಗೆದಾಗ ಪಟ್ಟಿಯನ್ನು ಎಳೆದು ಬಿರುಕು ನೋಡಿ, ಕೊಳವೆಯ ಕವಾಟದಲ್ಲಿ ಮರಳಿನ ಕಣ ಉಳಿದಿಲ್ಲವೆಂದು ಬೆಳಕಿಗೆ ಹಿಡಿದು ಪರೀಕ್ಷಿಸಿ.